‘ಲೋಡ್’ಗೆ ಹೊರೆಯೋ ಭಾರವೋ? ಲ್ಯಾಬ್ ಹಾಳೆಗೆ ನಾಳೆ ಸಂಜೆಯೊಳಗೆ ಪದ ಬೇಕು

ತುಮಕೂರಿನಿಂದ, ಮಂಗಳವಾರ ಬೆಳಿಗ್ಗೆ 9:50

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮೇಜಿಗೆ ಅಂಟಿಸುವ ಒಂದು ಪುಟದ ಕನ್ನಡ ಹಾಳೆ ನಾಳೆ ಸಂಜೆ 5 ಗಂಟೆಗೆ ಲ್ಯಾಮಿನೇಷನ್‌ಗೆ ಹೋಗಬೇಕು. ಪವರ್ ಮ್ಯಾನೇಜ್‌ಮೆಂಟ್ ಚಿಪ್‌ನ ಇವ್ಯಾಲ್ಯುಯೇಷನ್ ಬೋರ್ಡನ್ನು (ಚಿಪ್ ಹೇಗಿದೆಯೆಂದು ನೋಡಲು ಬರುವ ಸಿದ್ಧ ಬೋರ್ಡು) ಜೋಡಿಸಿ ಪರೀಕ್ಷಿಸುವ ಕ್ರಮ ಅದರಲ್ಲಿರುತ್ತದೆ. ಬೋರ್ಡು ಸಾದಾ ಬಕ್ ಕನ್ವರ್ಟರು, ವೋಲ್ಟೇಜು ಇಳಿಸುವಂಥದು: ಒಳಗೆ 12 ವೋಲ್ಟ್, ಹೊರಗೆ 5 ವೋಲ್ಟ್, ಗರಿಷ್ಠ 3 ಆಂಪ್. ಈಗ ಕೈಗೆ ಬಂದಿರುವ ಅನುವಾದ ಹೀಗಿದೆ:

“ಮೌಲ್ಯಮಾಪನ ಫಲಕಕ್ಕೆ ಭಾರವನ್ನು ಅನ್ವಯಿಸಿ. ಶಕ್ತಿ ಸರಬರಾಜನ್ನು ಚಾಲನೆಗೊಳಿಸಿ. ಸಕ್ರಿಯಗೊಳಿಸುವ ಜಿಗಿತಕವನ್ನು ಸ್ಥಾನಾಂತರಿಸಿ. ಒಳ್ಳೆಯ ಶಕ್ತಿಯ ಸಂಕೇತಕ್ಕಾಗಿ ಕಾಯಿರಿ. ತರಂಗವನ್ನು ಅಳೆಯಿರಿ.”

ಇಂಗ್ಲಿಷ್ ಮೂಲ ಪಕ್ಕದಲ್ಲಿದ್ದರಷ್ಟೇ ತಿಳಿಯುವ ಕನ್ನಡ ಇದು. ತುರ್ತಾಗಿ ಬೇಕಾಗಿರುವುದು ಇವ್ಯಾಲ್ಯುಯೇಷನ್ ಬೋರ್ಡ್, ಲೋಡ್, ರಿಪಲ್, ಪವರ್ ಗುಡ್, ಹಿಕಪ್ ಮೋಡ್, ಕ್ವಿಯೆಸೆಂಟ್ ಕರೆಂಟ್, ಜಂಪರ್ ಇವಕ್ಕೆ ಪದ. ಅದರಲ್ಲೂ ಲೋಡ್, ಅಂದರೆ ಬೋರ್ಡಿನಿಂದ ಕರೆಂಟು ಎಳೆಯುವ ಸಾಮಾನು. ಹಾಳೆಯಲ್ಲಿ 11 ಸಲ ಬರುತ್ತದೆ.

ಮೈಸೂರಿನಿಂದ, ಮಂಗಳವಾರ 10:35

ಮೊದಲು ‘ಶಕ್ತಿ’ಯನ್ನು ತೆಗೆಯಿರಿ. ಶಾಲಾ ಪಠ್ಯದಲ್ಲಿ ಶಕ್ತಿ ಎಂದರೆ ಎನರ್ಜಿ, ಅದರ ಮಾನ ಜೂಲ್. ಪವರ್‌ಗೆ ಸಾಮರ್ಥ್ಯ, ಮಾನ ವ್ಯಾಟ್. ಎರಡನ್ನೂ ಕಲಸಿದ ಹಾಳೆಯನ್ನು ಲ್ಯಾಬಿನ ಮೇಜಿಗೆ ಅಂಟಿಸಬಾರದು.

ಉಳಿದಂತೆ: ಮೌಲ್ಯಾಂಕನ ಫಲಕ, ಭಾರ, ಊರ್ಮಿಕೆ, ನಿಶ್ಚಲ ವಿದ್ಯುತ್ಪ್ರವಾಹ. ಹಿಕಪ್‌ಗೆ ‘ಆವರ್ತಕ ಪುನರಾರಂಭ ವಿಧಾನ’. ಚರ್ಚೆಗೆ ಇದರಲ್ಲಿ ಏನೂ ಇಲ್ಲ.

ಪೀಣ್ಯದಿಂದ, ಮಂಗಳವಾರ 11:20

ಚರ್ಚೆಗೆ ಬೇಕಾದಷ್ಟಿದೆ ಸರ್. ನಿಶ್ಚಲವಾಗಿರುವುದು ಪ್ರವಹಿಸುವುದು ಹೇಗೆ? ಕ್ವಿಯೆಸೆಂಟ್ ಕರೆಂಟ್ ಅಂದರೆ ಚಿಪ್ ಎದ್ದಿದ್ದು, ಏನೂ ಕೆಲಸ ಮಾಡದೆ ಕೂತಾಗ ತಾನೇ ತಿನ್ನುವ ಕರೆಂಟು. ‘ಸುಮ್ಮನಿದ್ದಾಗಿನ ಕರೆಂಟು’ ಎಂದು ಬರೆದರೆ ಓದುವವನಿಗೆ ಏನು ಮಾಡಬೇಕೆಂದೂ ತಿಳಿಯುತ್ತದೆ: ಸುಮ್ಮನಿರಿಸಿ ಅಳೆಯಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ, ಹಾಳೆಯಲ್ಲಿ ಸೇರಿಸಿ. ಬೋರ್ಡಿನ ಮೇಲೆ ಮಿನುಗುವ ಸೂಚಕ ಎಲ್‌ಇಡಿ ಒಂದೇ 1 ಮಿಲಿಆಂಪ್ ತಿನ್ನುತ್ತದೆ. ಚಿಪ್‌ನದು ಕೆಲವು ಹತ್ತು ಮೈಕ್ರೋಆಂಪ್. ಎಲ್‌ಇಡಿಯ ಸಾಲಿನ ರೆಸಿಸ್ಟರ್ ಬಿಚ್ಚದೆ ಅಳೆದರೆ ಅಳತೆಗೆ ಸಿಗುವುದು ಎಲ್‌ಇಡಿಯ ಹಸಿವು. ಎರಡನೆಯದು, ಹಲವು ಕೈಮೀಟರುಗಳ ಮೈಕ್ರೋಆಂಪ್ ರೇಂಜಿನಲ್ಲಿ ಒಳರೋಧ 100 ಓಮ್ ಆಸುಪಾಸು ಇರುತ್ತದೆ. ಬೋರ್ಡು ಏಳುವ ಹೊತ್ತಿಗೆ ಎಳೆಯುವ ಕರೆಂಟು ಅದರ ಮೂಲಕವೇ ಹೋಗಬೇಕಾದ್ದರಿಂದ ವೋಲ್ಟೇಜು ಅಲ್ಲೇ ಕುಸಿದು ಬೋರ್ಡು ಏಳುವುದೇ ಇಲ್ಲ. ಮೀಟರಿನ ಎರಡು ಕಡ್ಡಿಗಳ ನಡುವೆ ಒಂದು ತಂತಿ ಹಾಕಿ ಬೋರ್ಡನ್ನು ಎಬ್ಬಿಸಿ, ಆಮೇಲೆ ತಂತಿ ತೆಗೆದು ಓದಬೇಕು.

ಇನ್ನು ಲೋಡ್. ಹೊರೆಯಾಗಲಿ ಭಾರವಾಗಲಿ ನನಗೆ ತಕರಾರಿಲ್ಲ. ಆದರೆ ‘ಲೋಡ್ ಹೆಚ್ಚಿಸಿ’ ಎಂಬ ಸಾಲು ಯಾವ ಭಾಷೆಯಲ್ಲಿದ್ದರೂ ಅಪಾಯ. ರಿಯೋಸ್ಟಾಟ್ (ಓಮ್ ಬದಲಾಯಿಸಬಹುದಾದ ರೆಸಿಸ್ಟರ್) ಜೋಡಿಸಿರುವ ಹುಡುಗ ಹೆಚ್ಚಿಸಿ ಎಂದಾಗ ಓಮ್ ಹೆಚ್ಚಿಸುತ್ತಾನೆ. ಓಮ್ ಹೆಚ್ಚಾದರೆ ಲೋಡ್ ಇಳಿಯುತ್ತದೆ. 5 ವೋಲ್ಟಿಗೆ 5 ಓಮ್ ಹಾಕಿದರೆ 1 ಆಂಪ್, 3 ಆಂಪ್ ಬೇಕಾದರೆ 1.67 ಓಮ್. ಅಲ್ಲಿ 15 ವ್ಯಾಟ್ ಬಿಸಿ ಹುಟ್ಟುತ್ತದೆ, ಕಾಲು ವ್ಯಾಟಿನ ರೆಸಿಸ್ಟರು ಹೊಗೆಯಾಗುತ್ತದೆ. ಕಡಿಮೆಯೆಂದರೂ 25 ವ್ಯಾಟಿನದನ್ನು ಹೀಟ್‌ಸಿಂಕ್ ಮೇಲೆ ಕೂರಿಸಬೇಕು. ಆದ್ದರಿಂದ ಎಲ್ಲಿ ಹೆಚ್ಚು-ಕಡಿಮೆ ಎಂದು ಬರುತ್ತದೋ ಅಲ್ಲೆಲ್ಲ ‘ಲೋಡ್ ಕರೆಂಟು’ ಎಂದು ಬರೆದು ಪಕ್ಕದಲ್ಲಿ ಆಂಪ್ ಹಾಕಿ. ಪದ ಯಾವುದಾದರೂ ಇರಲಿ, ಆಂಪ್ ಮಾತ್ರ ಬಿಡಬೇಡಿ.

ಸಾಗರದಿಂದ, ಮಂಗಳವಾರ 12:05

ಮೌಲ್ಯಾಂಕನ ಪಲಕವಂತೆ. ಯಾರ ನುಡಿ ಅದು? ಕನ್ನಡಕ್ಕೆ ತನ್ನದೇ ಪದವಿದೆ: ಒರೆ. ಚಿನ್ನವನ್ನು ಒರೆಗೆ ಹಚ್ಚುತ್ತೇವೆ, ಹಚ್ಚುವ ಕಲ್ಲು ಒರೆಗಲ್ಲು. ಚಿಪ್ಪನ್ನು ಒರೆಗೆ ಹಚ್ಚುವ ಹಲಗೆ ಒರೆಹಲಗೆ. ಪವರ್ ಮ್ಯಾನೇಜ್‌ಮೆಂಟಿಗೆ ಕಸುವಾಳಿಕೆ. ವೋಲ್ಟೇಜಿಗೆ ಮಿನ್ನೊತ್ತಡ.

ಲೋಡಿಗೆ ಹೊರೆಯೇ ಸರಿ. ಹೊರು ಎಂಬ ಬೇರಿನಿಂದ ಬಂದದ್ದು. ಹಳಗನ್ನಡದಲ್ಲಿ ಪೊಱೆ, ಶಕಟರೇಪದ್ದು (ಈಗ ಬಳಕೆ ತಪ್ಪಿದ ಱ). ತಮಿಳಿನ ಪೊಱೈ ಅದರ ಒಡಹುಟ್ಟು. ಕಾಪಾಡು ಎಂಬ ಪೊರೆಗೂ ಇದಕ್ಕೂ ನಂಟಿಲ್ಲ, ಅದು ಬರಿಯ ರ. ಬಾರ ಸಕ್ಕದದ್ದು (ಸಂಸ್ಕೃತದ್ದು), ನಮಗೆ ಬೇಡದ ಬಾರ.

ಮೈಸೂರಿನಿಂದ, ಮಂಗಳವಾರ 12:30

‘ಪಲಕ’ ಅಲ್ಲ, ಫಲಕ. ಮಹಾಪ್ರಾಣ ಕಿತ್ತರೆ ಪದದ ಪ್ರಾಣವೇ ಹೋಗುತ್ತದೆ.

ತಾವು ಅಚ್ಚಗನ್ನಡವೆಂದು ಎತ್ತಿ ಹಿಡಿದಿರುವ ಹಲಗೆ ಶಾಲೆಯ ತತ್ಸಮ-ತದ್ಭವ ಪಟ್ಟಿಯಲ್ಲೇ ಇದೆ: ಫಲಕ, ಹಲಗೆ. ಸಂಸ್ಕೃತವನ್ನು ಮುಂಬಾಗಿಲಿನಿಂದ ಓಡಿಸಿ ಹಿತ್ತಿಲಿನಿಂದ ಕರೆತಂದಿದ್ದೀರಿ.

ಸಾಗರದಿಂದ, ಮಂಗಳವಾರ 12:48

ಪಟ್ಟಿ ಬರೆದವರು ಯಾರು, ಯಾವ ಆದಾರದ ಮೇಲೆ? ತಮಿಳಿನಲ್ಲಿ ಪಲಕೈ ಇದೆ. ಯಾರಿಂದ ಯಾರು ತೆಗೆದುಕೊಂಡರು ಎನ್ನುವುದು ತೀರ್ಮಾನವಾದ ಮಾತಲ್ಲ.

ಧಾರವಾಡದಿಂದ, ಮಂಗಳವಾರ 1:15

ಅಲ್ರೀ ಸರ, ನಮ್ಮ ಕಡೆ ಹಲಗಿ ಅಂದ್ರ ಹೋಳಿ ಹುಣ್ಣಿವಿಗೆ ಬಾರಿಸೋದು. ಒರೆಹಲಗಿ ಅಂತ ಬರದ್ರ ಹುಡುಗ್ರು ಎರಡು ಕೋಲು ಹಿಡಕೊಂಡು ಲ್ಯಾಬಿಗೆ ಬರ್ತಾರ. ಒರೆ ಅಂದ್ರ ಕತ್ತಿ ಇಡೋದಲ್ಲೇನು?

ಮತ್ತ ‘ಮೌಲ್ಯಮಾಪನ’ ಅಂತ ಬರದ್ರ ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದೋ ಸೆಂಟರ್ ನೆನಪಾಗತೈತಿ. ಬೋರ್ಡು ಫೇಲಾದ್ರ ಮರುಮೌಲ್ಯಮಾಪನಕ್ಕ ಅರ್ಜಿ ಹಾಕಬೇಕೇನು? ಮೇಲಾಗಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನವ್ರು ತಮ್ಮ ಬೋರ್ಡಿಗೆ ‘ಇವಿಎಂ’ ಅಂತನ ಹೆಸರಿಡ್ತಾರ, ಇವ್ಯಾಲ್ಯುಯೇಷನ್ ಮಾಡ್ಯೂಲ್ ಅಂತ. ಅದನ್ನ ಹಾಂಗ ಅಚ್ಚು ಹಾಕಿಸಿದ್ರ ಲ್ಯಾಬಿನ್ಯಾಗ ಇಲೆಕ್ಷನ್ ನಡದೈತಿ ಅಂತಾರ. ಹೆಸರಿಡೂ ಮುಂದ ನಾಕೂ ಕಡೆ ನೋಡ್ರಿ.

ಪೀಣ್ಯದಿಂದ, ಮಂಗಳವಾರ 2:10

ನಗು ಬಂದರೂ ಒಂದು ಮಾತು. ಒರೆಹಲಗೆ ಅರ್ಥದಲ್ಲಿ ನಿಖರವಾಗಿದೆ. ಒರೆಗಲ್ಲಿನ ಮೇಲೆ ಉಜ್ಜುವಾಗ ಯಾರೂ ಕಲ್ಲನ್ನು ಪರೀಕ್ಷಿಸುವುದಿಲ್ಲ, ಚಿನ್ನವನ್ನು ನೋಡುತ್ತಾರೆ. ಇವ್ಯಾಲ್ಯುಯೇಷನ್ ಬೋರ್ಡಿನದೂ ಅದೇ ಕೆಲಸ. ಬೋರ್ಡು ಚೆನ್ನಾಗಿದೆಯೇ ಎಂದಲ್ಲ, ಈ ಚಿಪ್ ನಮ್ಮ ವಿನ್ಯಾಸಕ್ಕೆ ಹೊಂದುತ್ತದೆಯೇ ಎಂದು ತಿಳಿಯುವುದು. ‘ಪರೀಕ್ಷಾ ಫಲಕ’ ಎಂದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಟೆಸ್ಟ್ ಬೋರ್ಡ್ ಬೇರೆಯೇ ಸಾಮಾನು.

ಕತ್ತಿಯ ಒರೆಯ ಬಗ್ಗೆ: ಅದು ಹಳಗನ್ನಡದಲ್ಲಿ ಒಱೆ, ತಮಿಳಿನ ಉಱೈ. ಉಜ್ಜುವುದು ಸಾದಾ ರೇಫದ ಒರೆ, ತಮಿಳಿನ ಉರೈ. ಈಗ ಬರಹದಲ್ಲಿ ಒಂದೇ ಆಗಿವೆ, ಮೂಲದಲ್ಲಿ ಬೇರೆ.

ಇಷ್ಟಾದರೂ ಹಾಳೆಯ ಮೇಲೆ ಒರೆಹಲಗೆ ಬೇಡ ಎನ್ನುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್.ಪಿ. ರೋಡಿನಲ್ಲಿ ಆ ಹೆಸರು ಹೇಳಿದರೆ ಅಂಗಡಿಯವನು ಮರದ ಅಂಗಡಿ ಕಡೆ ಕೈ ತೋರಿಸುತ್ತಾನೆ. ಪಾಠದಲ್ಲಿ ವಿವರಿಸುವಾಗ ಬಳಸಿ, ಬೋರ್ಡಿಗೆ ಬೋರ್ಡು ಎಂದೇ ಕರೆಯಿರಿ.

ತುಮಕೂರಿನಿಂದ, ಮಂಗಳವಾರ 3:00

ಬೋರ್ಡು ಬೋರ್ಡಾಗಿಯೇ ಇರಲಿ ಹಾಗಿದ್ದರೆ. ರಿಪಲ್, ಹಿಕಪ್, ಜಂಪರ್, ಪವರ್ ಗುಡ್ ಬಾಕಿ. ಇನ್ನು 26 ಗಂಟೆ ಇದೆ. ದಯವಿಟ್ಟು ಶಕಟರೇಫದ ಚರ್ಚೆಗೆ ಬೇರೆ ಎಳೆ ಶುರು ಮಾಡಿ.

ಮೈಸೂರಿನಿಂದ, ಮಂಗಳವಾರ 3:20

ರಿಪಲ್‌ಗೆ ಊರ್ಮಿಕೆ ಎಂದು ಹೇಳಿಯಾಗಿದೆ.

ಹೊಸಪೇಟೆಯಿಂದ, ಮಂಗಳವಾರ 3:55

ರಿಪಲ್‌ಗೆ ‘ನಿರಿಗೆ’ ಯಾಕಾಗಬಾರದು? ಅಲೆ, ತೆರೆ ಎಂದರೆ ಸಮುದ್ರದಷ್ಟು ದೊಡ್ಡದು. ತರಂಗ ಎಂದರೆ ಬೇರೆ ಎಲ್ಲ ವೇವ್‌ಗಳೂ ಅದರೊಳಗೆ ಬಂದುಬಿಡುತ್ತವೆ. ನಿರಿಗೆ ಎಂದರೆ ಸಣ್ಣದು, ಒಂದೇ ಅಳತೆಯದು, ಒಂದರ ಪಕ್ಕ ಒಂದು ಸಾಲಾಗಿ ಬರುವಂಥದು, ಮತ್ತು ಬಟ್ಟೆ ಮೂಲತಃ ಸಪಾಟು. ಸಪಾಟಾದ 5 ವೋಲ್ಟಿನ ಮೇಲೆ ಕೂತ ಸಣ್ಣ ಮಡಿಕೆಗಳಿಗೆ ಇದಕ್ಕಿಂತ ಹೊಂದುವ ಪದ ಕಾಣೆ.

ಪೀಣ್ಯದಿಂದ, ಮಂಗಳವಾರ 4:40

ನಿರಿಗೆಗೆ ನನ್ನ ಓಟು (ಇವಿಎಂನಲ್ಲೇ ಒತ್ತಿದ್ದೇನೆ).

ಈ ಪದದಿಂದ ಇನ್ನೊಂದು ಉಪಯೋಗವೂ ಆಗುತ್ತದೆ. ಸ್ಕೋಪಿನ (ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್) ಪರದೆಯ ಮೇಲೆ ಕಾಣುವುದು ಎರಡು ಬಗೆ. ಒಂದು, ಸ್ವಿಚಿಂಗ್ ಆವರ್ತನೆಯಲ್ಲಿ ಮೆತ್ತಗಿನ ಏರಿಳಿತ. ಇಂಡಕ್ಟರಿನ ಕರೆಂಟು ಏರಿಳಿದು ಔಟ್‌ಪುಟ್ ಕೆಪಾಸಿಟರನ್ನು ತುಂಬಿ ಬಸಿಯುವುದರಿಂದ ಆಗುವುದು. ಇದು ನಿರಿಗೆ. ಇನ್ನೊಂದು, ಸ್ವಿಚ್ ಹಾಕಿ ತೆಗೆಯುವ ಪ್ರತಿ ಗಳಿಗೆಯಲ್ಲಿ ಚುಚ್ಚಿಕೊಂಡು ಬರುವ ಸಪೂರ ಮೊನೆ. ಇದಕ್ಕೆ ಮುಳ್ಳು ಎನ್ನಿ. ಎರಡನ್ನೂ ಸೇರಿಸಿ ‘ರಿಪಲ್ ಇಷ್ಟು’ ಎಂದು ದಾಖಲಿಸುವುದು ಲ್ಯಾಬುಗಳಲ್ಲಿ ನಡೆಯುವ ಮಾಮೂಲು ತಪ್ಪು. ಹೆಸರು ಬೇರೆಯಾದರೆ ಅಳತೆಯೂ ಬೇರೆಯಾದೀತು.

ಮುಳ್ಳಿನಲ್ಲಿ ಹೆಚ್ಚಿನ ಪಾಲು ಬೋರ್ಡಿನದಲ್ಲ, ಅಳೆಯುವವರದು. ಪ್ರೋಬಿನ 15 ಸೆಂಟಿಮೀಟರ್ ಗ್ರೌಂಡ್ ತಂತಿ ಕ್ರೊಕೊಡೈಲ್ ಕ್ಲಿಪ್ ಸಮೇತ ಒಂದು ಸುತ್ತಾಗುತ್ತದೆ, ಆ ಸುತ್ತು ಇಂಡಕ್ಟರಿನ ಪಕ್ಕದ ಗಲಾಟೆಯನ್ನೆಲ್ಲ ಹಿಡಿಯುತ್ತದೆ. ನಿಜವಾದ ನಿರಿಗೆ 15 ಮಿಲಿವೋಲ್ಟ್ ಇದ್ದ ಕಡೆ ಪರದೆ 80, 100 ಮಿಲಿವೋಲ್ಟ್ ತೋರಿಸುವುದುಂಟು. ಪ್ರೋಬಿನ ಟೋಪಿ, ಕ್ಲಿಪ್ ತಂತಿ ಎರಡನ್ನೂ ಕಿತ್ತು, ತುದಿಗೆ ಸುರುಳಿಯ ಸ್ಪ್ರಿಂಗ್ ಗ್ರೌಂಡ್ ಸಿಕ್ಕಿಸಿ, ನೇರವಾಗಿ ಔಟ್‌ಪುಟ್ ಕೆಪಾಸಿಟರಿನ ಎರಡು ತುದಿಗೆ ಒತ್ತಬೇಕು. ಸ್ಕೋಪಿನಲ್ಲಿ ಎಸಿ ಕಪ್ಲಿಂಗ್, ಬ್ಯಾಂಡ್‌ವಿಡ್ತ್ ಮಿತಿ 20 ಮೆಗಾಹರ್ಟ್ಸ್. ಪರೀಕ್ಷೆಗೊಂದು ಉಪಾಯ: ತುದಿ, ಗ್ರೌಂಡ್ ಎರಡನ್ನೂ ಬೋರ್ಡಿನ ಗ್ರೌಂಡಿಗೇ ಮುಟ್ಟಿಸಿ ನೋಡಿ. ಆಗಲೂ ಮುಳ್ಳು ಕಂಡರೆ ಅದು ನಿಮ್ಮ ತಂತಿ ಹೆಕ್ಕಿಕೊಂಡ ಮುಳ್ಳು.

ನಿರಿಗೆಯೇ ಲೆಕ್ಕಕ್ಕಿಂತ ದೊಡ್ಡದಿದ್ದರೆ ಕೆಪಾಸಿಟರ್ ಬದಲಾಯಿಸಿದ್ದಾರೆಯೇ ನೋಡಿ. 22 ಮೈಕ್ರೋಫ್ಯಾರಡ್ ಎಂದು ಬರೆದಿರುವ ಸಣ್ಣ ಗಾತ್ರದ 6.3 ವೋಲ್ಟಿನ ಸೆರಾಮಿಕ್ ಮೇಲೆ 5 ವೋಲ್ಟ್ ಡಿಸಿ ಕೂತಾಗ ಅರ್ಧಕ್ಕಿಂತ ಕಡಿಮೆ ಉಳಿಯುವುದುಂಟು. ಹಾಗೆಯೇ ಲೋಡ್ ಕರೆಂಟು ತೀರಾ ಕಡಿಮೆ ಇದ್ದಾಗ ಹಲವು ಚಿಪ್‌ಗಳು ನಡುನಡುವೆ ಪಲ್ಸ್ ತಪ್ಪಿಸಿ ನಡೆಯುತ್ತವೆ, ನಿರಿಗೆ ಅಗಲವಾಗುತ್ತದೆ, ಎತ್ತರವೂ ಆಗುತ್ತದೆ. ಅದು ದೋಷವಲ್ಲ.

ಧಾರವಾಡದಿಂದ, ಮಂಗಳವಾರ 5:05

ನಿರಿಗಿ ಭಾಳ ಛಂದ ಐತ್ರೀ ಮೇಡಂ. ಆದ್ರ ಅದ ಹಾಳ್ಯಾಗ ‘ಜಂಪರ್’ ಅಂತನೂ ಬರೀಬ್ಯಾಡ್ರಿ. ನಮ್ಮ ಕಡೆ ಜಂಪರ ಅಂದ್ರ ಕುಪ್ಪಸ. ನಿರಿಗಿ ಆತು, ಜಂಪರ ಆತು, ಇನ್ನ ಸೀರಿ ಒಂದ ಉಳೀತು.

ಸಾಗರದಿಂದ, ಮಂಗಳವಾರ 5:20

ಜಂಪರಿಗೆ ಕೊಂಡಿ. ಮಿಂಬಲೆಯಲ್ಲಿ (ಇಂಟರ್ನೆಟ್ಟಿನಲ್ಲಿ) ಆಗಲೇ ಲಿಂಕಿಗೆ ನಡೆಯುತ್ತಿದೆ. ಎರಡು ಕಡ್ಡಿಗಳನ್ನು ಕೂಡಿಸುವುದೇ ಅದರ ಕೆಲಸ.

ಮೈಸೂರಿನಿಂದ, ಮಂಗಳವಾರ 5:32

ಕೊಂಡಿಗೆ ವಿರೋಧವಿಲ್ಲ. ದಾಖಲಾಗಲಿ, ಒಮ್ಮೆ ಒಪ್ಪಿದ್ದೇನೆ.

ಚೆನ್ನೈನಿಂದ, ಮಂಗಳವಾರ ರಾತ್ರಿ 8:45

ಇಲ್ಲಿ ತಮಿಳು ಪಠ್ಯಗಳಲ್ಲಿ ವೋಲ್ಟೇಜಿಗೆ ಮಿನ್ನಳುತ್ತಂ, ಕರೆಂಟಿಗೆ ಮಿನ್ನೋಟ್ಟಂ, ಪವರ್‌ಗೆ ಮಿನ್‌ತಿಱನ್. ಒಂದೇ ‘ಮಿನ್’ ಹಿಡಿದು ಸಾಲು ಕಟ್ಟಿದ್ದಾರೆ, ಮಕ್ಕಳು ಓದುತ್ತಾರೆ. ನಮಗೂ ಮಿಂಚು, ಮಿನುಗು, ಮಿಂಚೆ (ಇಮೇಲ್) ಎಲ್ಲ ಇವೆ. ಬೆಂಗಳೂರಿಗೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ಅಷ್ಟು ವರ್ಷಗಳಿಂದ ಊರಿನಲ್ಲಿ ಚಿಪ್ ವಿನ್ಯಾಸ ನಡೆದರೂ ಬೋರ್ಡಿಗೆ ಬೋರ್ಡು ಎಂದೇ ಕರೆಯಿರಿ ಎಂದರೆ ನಾಚಿಕೆಯಾಗುವುದಿಲ್ಲವೇ?

ಪೀಣ್ಯದಿಂದ, ಮಂಗಳವಾರ ರಾತ್ರಿ 9:10

ಇಲ್ಲ.

ಸಾಗರದಿಂದ, ಮಂಗಳವಾರ ರಾತ್ರಿ 9:25

ಚೆನ್ನೈನವರು ಹೇಳಿದ್ದು ನೂರಕ್ಕೆ ನೂರು ಸರಿ. ಎರವಲು ತಂದ ಸಾಮಾನಿನಲ್ಲಿ ಮನೆ ಕಟ್ಟಲಾಗದು. ಸಪ್ಲೈ ಎನ್ನುವ ಕಡೆ ‘ಸರಬರಾಜು’ ಎಂದು ಕನ್ನಡದಲ್ಲಿ ಬರೆಯಲು ಏನು ಕಶ್ಟ?

ಮೈಸೂರಿನಿಂದ, ಮಂಗಳವಾರ ರಾತ್ರಿ 9:31

ಸರಬರಾಜು ಪಾರಸಿ ಮೂಲದ್ದು. ಸಂಸ್ಕೃತ ಬೇಡ, ಪಾರಸಿ ಆಗಬಹುದು. ಸಂತೋಷ.

ಹೊಸಪೇಟೆಯಿಂದ, ಮಂಗಳವಾರ ರಾತ್ರಿ 10:05

ಅರ್ಜಿ ಅರಬ್ಬಿ, ಚಾವಿ ಪೋರ್ಚುಗೀಸು, ಪಗಾರವೂ ಪೋರ್ಚುಗೀಸು. ಇವನ್ನೆಲ್ಲ ವಾಪಸು ಕೊಡಲು ಹೊರಟರೆ ಪಗಾರವೂ ಸಿಗದು. (ವಾಪಸು ಪಾರಸಿ.)

ಎರವಲಿಗಿಂತ ಮುಖ್ಯವಾದ ತೊಡಕು ಬೇರೆ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ತು ಬಂತು. ಜನ ಅದಕ್ಕೆ ಕರೆಂಟು ಎಂದರು. ಆ ಒಂದು ಪದವೇ ಎಲ್ಲವನ್ನೂ ಹೊತ್ತಿದೆ. ಕರೆಂಟು ಡಿಮ್ಮಾಗಿದೆ ಎಂದರೆ ವೋಲ್ಟೇಜು ಕಮ್ಮಿ. ಕರೆಂಟ್ ಬಿಲ್ಲು ಎನರ್ಜಿಗೆ. ಕರೆಂಟು ಹೋಯ್ತು ಎಂದರೆ ಸಪ್ಲೈ ನಿಂತಿತು. ಕರೆಂಟು ಹೊಡೀತು ಎಂದರೆ ಶಾಕ್. ಮನೆಯಲ್ಲಿ ನಾಲ್ಕು ಅರ್ಥಕ್ಕೆ ಬಳಸಿದ ಪದವನ್ನು ಹುಡುಗ ಲ್ಯಾಬಿಗೆ ಬಂದು ಐದನೆಯ ಅರ್ಥಕ್ಕೆ, ಬರೀ ಆಂಪಿಗೆ, ಇಳಿಸಿಕೊಳ್ಳಬೇಕು. ಪೀಣ್ಯದ ಮೇಡಂ ‘ಆಂಪ್ ಹಾಕಿ’ ಎಂದದ್ದು ಅದಕ್ಕೇ ಇರಬೇಕು.

ಪೀಣ್ಯದಿಂದ, ಬುಧವಾರ ಬೆಳಿಗ್ಗೆ 8:30

ಅದಕ್ಕೇ.

ಹಿಕಪ್‌ಗೆ ಬಿಕ್ಕಳಿಕೆ ಎನ್ನಿ, ಆವರ್ತಕ ಪುನರಾರಂಭ ಯಾಕೆ? ಔಟ್‌ಪುಟ್ ಶಾರ್ಟಾದಾಗ ಅಥವಾ ಮಿತಿ ಮೀರಿ ಕರೆಂಟು ಎಳೆದಾಗ ಚಿಪ್ ನಿಲ್ಲುತ್ತದೆ, ಸ್ವಲ್ಪ ಹೊತ್ತು ತಡೆದು ಮತ್ತೆ ಎದ್ದು ನೋಡುತ್ತದೆ, ಶಾರ್ಟ್ ಇನ್ನೂ ಇದ್ದರೆ ಮತ್ತೆ ನಿಲ್ಲುತ್ತದೆ. ಬಿಕ್ಕಳಿಕೆಯ ಲಯವೇ ಅದು. ಇಂಗ್ಲಿಷಿನವರೂ ಅದೇ ಪದ ಹಿಡಿದಿದ್ದಾರೆ ಎಂಬ ಕಾರಣಕ್ಕೆ ಬಿಡಬೇಕಾಗಿಲ್ಲ.

ಆದರೆ ಎಚ್ಚರ. ಹೊರಗಿನಿಂದ ಥೇಟು ಹಾಗೇ ಕಾಣುವ ಇನ್ನೊಂದಿದೆ, ಅದನ್ನು ಬಿಕ್ಕಳಿಕೆ ಎಂದರೆ ದಾರಿ ತಪ್ಪುತ್ತದೆ. 5 ವೋಲ್ಟ್ 3 ಆಂಪ್ ಅಂದರೆ 15 ವ್ಯಾಟ್. ದಕ್ಷತೆ ಶೇ. 90 ಎಂದು ಹಿಡಿದರೆ ಒಳಗೆ 16.7 ವ್ಯಾಟ್ ಬೇಕು, 12 ವೋಲ್ಟಿನಲ್ಲಿ 1.4 ಆಂಪ್. ಬೆಂಚ್ ಸಪ್ಲೈಯ ಕರೆಂಟ್ ಮಿತಿಯನ್ನು 1 ಆಂಪಿಗೆ ಇಟ್ಟಿದ್ದರೆ ಸಪ್ಲೈ ತನ್ನ ವೋಲ್ಟೇಜನ್ನು ಇಳಿಸುತ್ತದೆ. ಬಕ್ ಕನ್ವರ್ಟರಿಗೆ ವೋಲ್ಟೇಜು ಇಳಿದಷ್ಟೂ ಹೆಚ್ಚು ಕರೆಂಟು ಬೇಕು: 7 ವೋಲ್ಟಾದರೆ 2.4 ಆಂಪ್. ಹೀಗೆ ಎಳೆದಾಡಿ ಒಳ ವೋಲ್ಟೇಜು ಚಿಪ್‌ನ ಕನಿಷ್ಠ ಮಿತಿಗಿಂತ ಕೆಳಗೆ ಬಿದ್ದು ಚಿಪ್ ಆಫ್ ಆಗುತ್ತದೆ; ಆಫ್ ಆದ ಕೂಡಲೇ ಸಪ್ಲೈ ಮತ್ತೆ 12ಕ್ಕೆ ಏರುತ್ತದೆ, ಚಿಪ್ ಏಳುತ್ತದೆ, ಮತ್ತೆ ಬೀಳುತ್ತದೆ. ಇದನ್ನು ಮುಗ್ಗರಿಕೆ ಎನ್ನಬಹುದು. ಗುರುತಿಸುವುದು ಸುಲಭ, ಸ್ಕೋಪಿನ ಪ್ರೋಬನ್ನು ಬೋರ್ಡಿನ ಒಳಬಾಗಿಲಿಗೆ, ವಿಇನ್‌ಗೆ, ಇಡಿ. ವಿಇನ್ ಅಲ್ಲಾಡದೆ ಔಟ್‌ಪುಟ್ ಮಾತ್ರ ಎದ್ದು ಬಿದ್ದರೆ ಬಿಕ್ಕಳಿಕೆ. ವಿಇನ್ ಕೂಡ ಕುಸಿದರೆ ಮುಗ್ಗರಿಕೆ, ಚಿಪ್‌ನ ತಪ್ಪಿಲ್ಲ, ಸಪ್ಲೈಯ ಮಿತಿ ಏರಿಸಿ ಅಥವಾ ತೆಳುವಾದ ತಂತಿ ಬದಲಾಯಿಸಿ.

ತಂತಿಯ ಮಾತು ಬಂತು. ಆನ್ ಇರುವ ಸಪ್ಲೈಯ ತಂತಿಯನ್ನು ಬೋರ್ಡಿಗೆ ಚುಚ್ಚಬಾರದು ಎಂದು ದಪ್ಪಕ್ಷರದಲ್ಲಿ ಹಾಕಿಸಿ. ಉದ್ದ ತಂತಿಯ ಇಂಡಕ್ಟೆನ್ಸೂ ಬೋರ್ಡಿನ ಸೆರಾಮಿಕ್ ಕೆಪಾಸಿಟರೂ ಸೇರಿ ತೂಗಾಡುತ್ತವೆ, 12 ವೋಲ್ಟ್ ಒಂದು ಕ್ಷಣ 24ರ ಹತ್ತಿರ ಜಿಗಿಯುತ್ತದೆ. 18 ವೋಲ್ಟ್ ತಡೆಯುವ ಚಿಪ್ ಅಲ್ಲೇ ಮುಗಿಯಿತು. ಸಪ್ಲೈ ಆಫ್ ಇದ್ದಾಗ ತಂತಿ ಕೂಡಿಸಿ, ಆಮೇಲೆ ಆನ್ ಮಾಡಬೇಕು. ವಿಇನ್‌ಗೆ ಅಡ್ಡವಾಗಿ 100 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಹಾಕಿದರೆ ಇನ್ನೂ ಕ್ಷೇಮ; ಅದರ ಒಳರೋಧವೇ ತೂಗಾಟವನ್ನು ತಣಿಸುತ್ತದೆ. ಧನ-ಋಣ ನೋಡಿ ಹಾಕಬೇಕಷ್ಟೆ.

ಮಂಡ್ಯದಿಂದ, ಬುಧವಾರ 9:15

ಪವರ್ ಗುಡ್‌ಗೆ ‘ಹದ’. ಆಲೆಮನೇಲಿ ಪಾಕ ಹದಕ್ಕೆ ಬಂತು ಅಂತೀವಿ. ಔಟ್‌ಪುಟ್ ಹದಕ್ಕೆ ಬಂತು.

ಮೈಸೂರಿನಿಂದ, ಬುಧವಾರ 9:40

ಪಾರಿಭಾಷಿಕ ಪದವೂ ಆಲೆಮನೆಯಿಂದ ಬರಬೇಕೇ? ‘ಸಾಮರ್ಥ್ಯ ಸುಸ್ಥಿತಿ ಸಂಕೇತ’ ಎನ್ನಿ.

ಪೀಣ್ಯದಿಂದ, ಬುಧವಾರ 10:00

ಆಲೆಮನೆಯದೇ ಬರಲಿ. ‘ಒಳ್ಳೆಯ ಶಕ್ತಿ’ ದೇವಸ್ಥಾನದ ಬೋರ್ಡಿಗೆ ಸರಿ. ಸುಸ್ಥಿತಿ ಬಸ್ಸಿನ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಸರಿ. ಪಿಜಿ (ಪವರ್ ಗುಡ್) ಕಡ್ಡಿ ಹೇಳುವುದು ಚಿಪ್ ಚೆನ್ನಾಗಿದೆ ಎಂದಲ್ಲ, ಔಟ್‌ಪುಟ್ ನಿಗದಿಯ ವೋಲ್ಟೇಜಿಗೆ ಸಾಕಷ್ಟು ಹತ್ತಿರ, ಸಾಮಾನ್ಯವಾಗಿ ಶೇ. 90 ದಾಟಿ, ಬಂದು ನಿಂತಿದೆ ಎಂದು. ಕೆಳಗೆ ಜಾರಿದರೆ ತಪ್ಪುತ್ತದೆ, ಕೆಲವು ಚಿಪ್‌ಗಳಲ್ಲಿ ಮೇಲೆ ಹೋದರೂ ತಪ್ಪುತ್ತದೆ. ಪಾಕವೂ ಹಾಗೆಯೇ, ಎಳಸಾದರೂ ಹದವಲ್ಲ, ಕಂದಿದರೂ ಹದವಲ್ಲ. ಮಂಡ್ಯದವರಿಗೆ ನಮಸ್ಕಾರ.

ಒಂದು ಸೇರಿಸಿಕೊಳ್ಳಿ. ಪಿಜಿ ಓಪನ್ ಡ್ರೈನ್. ಅದು ಹದ ಬಂತೆಂದು ತಾನೇ ಕಡ್ಡಿಯನ್ನು ಮೇಲೆತ್ತುವುದಿಲ್ಲ, ಕೆಳಗೆ ಹಿಡಿದದ್ದನ್ನು ಬಿಡುತ್ತದೆ ಅಷ್ಟೆ. ಮೇಲೆತ್ತಲು ಪುಲ್‌ಅಪ್ ರೆಸಿಸ್ಟರ್ ಬೇಕು. ಬೋರ್ಡಿನಲ್ಲಿ ಅದನ್ನು ಕೊಂಡಿಯ ಮೂಲಕ ಕೂಡಿಸಿದ್ದು, ಕೊಂಡಿ ಕಳೆದುಹೋಗಿದ್ದರೆ ಔಟ್‌ಪುಟ್ 5 ವೋಲ್ಟ್ ಸರಿಯಾಗಿ ಬಂದರೂ ಪಿಜಿ ಏಳುವುದಿಲ್ಲ. ಆಗ ಚಿಪ್ ಬದಲಾಯಿಸಲು ಹೋಗಬಾರದು.

ಚೆನ್ನೈನಿಂದ, ಬುಧವಾರ 10:20

ಹದ, ನಿರಿಗೆ, ಬಿಕ್ಕಳಿಕೆ, ಕೊಂಡಿ ಎಲ್ಲ ಕನ್ನಡ. ಆದರೆ ಲೋಡು, ಬೋರ್ಡು, ಸಪ್ಲೈ ಮಾತ್ರ ಇಂಗ್ಲಿಷು. ಇದು ಯಾವ ನಿಯಮ?

ಪೀಣ್ಯದಿಂದ, ಬುಧವಾರ 10:45

ಕೈಯಿಂದ ಮುಟ್ಟಿ ತಿರುಗಿಸುವ ಸಾಮಾನಿಗೆ ಅಂಗಡಿಯಲ್ಲೂ ಸಾಮಾನಿನ ಮೇಲೂ ಇರುವ ಹೆಸರು. ಕಣ್ಣಿಂದ ನೋಡಿ ಅರ್ಥಮಾಡಿಕೊಳ್ಳಬೇಕಾದ ನಡವಳಿಕೆಗೆ ಕನ್ನಡ. ಸಪ್ಲೈಯ ಮೇಲೆ, ಎಲೆಕ್ಟ್ರಾನಿಕ್ ಲೋಡಿನ ಮೇಲೆ ಹೆಸರು ಅಚ್ಚಾಗಿದೆ. ಹುಡುಗ ಹಾಳೆಯಲ್ಲಿ ಹೊರೆ ಎಂದು ಓದಿ ಮೇಜಿನ ಮೇಲೆ ಹೊರೆ ಎಂದು ಬರೆದಿರುವ ಪೆಟ್ಟಿಗೆ ಹುಡುಕುತ್ತಾನೆ. ನಿರಿಗೆಯ ಮೇಲೆ ಯಾರೂ ಹೆಸರು ಅಚ್ಚು ಹಾಕಿಲ್ಲ. ಜಂಪರಿನ ಪಕ್ಕದಲ್ಲೂ ಬರೀ ‘ಇಎನ್’ (ಎನೇಬಲ್, ಚಿಪ್ಪನ್ನು ಎಬ್ಬಿಸುವ ಕಡ್ಡಿ) ಎಂದಿರುತ್ತದೆ, ಅದಕ್ಕೇ ಕೊಂಡಿ ನಡೆಯಿತು.

ಸಾಗರದಿಂದ, ಬುಧವಾರ 11:10

ಹೀಗೇ ಬಿಟ್ಟುಕೊಡುತ್ತ ಹೋದರೆ ಕೊನೆಗೆ ಕನ್ನಡಕ್ಕೆ ಉಳಿಯುವುದು ಬರಿ ‘ಮಾಡಿ’, ‘ಹಾಕಿ’, ‘ನೋಡಿ’.

ಧಾರವಾಡದಿಂದ, ಬುಧವಾರ 11:25

ಮತ್ತ ಕೈಗೆ ಚಿಪ್ಪು.

ತುಮಕೂರಿನಿಂದ, ಬುಧವಾರ ಮಧ್ಯಾಹ್ನ 2:30

ಎಲ್ಲರಿಗೂ ವಂದನೆ. ಹಾಳೆಯ ಕೊನೆಯ ರೂಪ ಕೆಳಗಿದೆ. ಅಕ್ಷರದೋಷ ಇದ್ದರೆ ಮಾತ್ರ ಹೇಳಿ. ಪದ ಬದಲಾಯಿಸಲು ಇನ್ನು ಸಮಯವಿಲ್ಲ.

1. ಸಪ್ಲೈ ಆಫ್ ಇರಲಿ. ವಿಇನ್-ಗ್ರೌಂಡ್ ನಡುವೆ, ವಿಔಟ್-ಗ್ರೌಂಡ್ ನಡುವೆ ಮೀಟರಿನಲ್ಲಿ ಶಾರ್ಟ್ ಇಲ್ಲವೆಂದು ನೋಡಿ. ಇಎನ್ ಕೊಂಡಿ ಆಫ್ ಕಡೆ ಇರಲಿ.
2. ತಂತಿ ಕೂಡಿಸಿ. ಸಪ್ಲೈಯನ್ನು 12 ವೋಲ್ಟಿಗೆ, ಕರೆಂಟ್ ಮಿತಿಯನ್ನು 0.2 ಆಂಪಿಗೆ ಇಟ್ಟು ಆನ್ ಮಾಡಿ. ಮಿತಿಯ ದೀಪ ಉರಿದರೆ ಕೂಡಲೇ ಆಫ್ ಮಾಡಿ.
3. ಕರೆಂಟ್ ಮಿತಿಯನ್ನು 2 ಆಂಪಿಗೆ ಏರಿಸಿ.
4. ಎಲೆಕ್ಟ್ರಾನಿಕ್ ಲೋಡನ್ನು 3 ಆಂಪ್ ಸ್ಥಿರ ಕರೆಂಟಿಗೆ ಇಟ್ಟು ಆನ್ ಮಾಡಿ.
5. ಇಎನ್ ಕೊಂಡಿಯನ್ನು ಆನ್ ಕಡೆ ಹಾಕಿ. ವಿಔಟ್ 4.95ರಿಂದ 5.05 ವೋಲ್ಟಿನೊಳಗೆ ಇರಬೇಕು. ಪಿಜಿ ಎದ್ದರೆ ಔಟ್‌ಪುಟ್ ಹದಕ್ಕೆ ಬಂದಿದೆ.
6. ನಿರಿಗೆ ಅಳೆಯಿರಿ. ಮುಳ್ಳನ್ನು ಬೇರೆ ಬರೆದುಕೊಳ್ಳಿ.
7. ದಕ್ಷತೆಗೆ ವೋಲ್ಟೇಜನ್ನು ಸಪ್ಲೈ, ಲೋಡುಗಳ ಪರದೆಯಿಂದ ಓದಬೇಡಿ, ಬೋರ್ಡಿನ ಕಡ್ಡಿಗಳಲ್ಲೇ ಅಳೆಯಿರಿ. ಲೋಡಿನ ತಂತಿಯಲ್ಲಿ 50 ಮಿಲಿಓಮ್ ಇದ್ದರೂ 3 ಆಂಪಿಗೆ 0.15 ವೋಲ್ಟ್ ಹೋಗುತ್ತದೆ, 5 ವೋಲ್ಟಿನಲ್ಲಿ ಅದು ಶೇ. 3.

ಮೈಸೂರಿನಿಂದ, ಬುಧವಾರ 2:50

ಅಕ್ಷರದೋಷವಿಲ್ಲ. ಪದದೋಷದ ಬಗ್ಗೆ ಮಾತಾಡುವುದಿಲ್ಲ.

ಪೀಣ್ಯದಿಂದ, ಬುಧವಾರ 3:05

4 ಮತ್ತು 5 ಅದಲು ಬದಲು ಮಾಡಿ. ಈಗಿನ ಕ್ರಮದಲ್ಲಿ ಬೋರ್ಡು ಏಳುವುದು ಕಷ್ಟ. ಔಟ್‌ಪುಟ್ ಸೊನ್ನೆಯಿಂದ ನಿಧಾನವಾಗಿ ಏರುವ ಹೊತ್ತಿನಲ್ಲೇ ಸ್ಥಿರ ಕರೆಂಟಿನ ಲೋಡು ಅರ್ಧ ವೋಲ್ಟಿಗೂ 3 ಆಂಪ್ ಎಳೆಯಲು ನೋಡುತ್ತದೆ, ಜೊತೆಗೆ ಔಟ್‌ಪುಟ್ ಕೆಪಾಸಿಟರು ತುಂಬಿಕೊಳ್ಳುವ ಕರೆಂಟು ಬೇರೆ. ಎರಡೂ ಸೇರಿ ಚಿಪ್‌ನ ಮಿತಿ ದಾಟಿ ಬಿಕ್ಕಳಿಕೆ ಶುರುವಾಗುತ್ತದೆ. ಮೊದಲು ಲೋಡಿಲ್ಲದೆ ಏಳಲಿ, ಪಿಜಿ ಬರಲಿ, ಆಮೇಲೆ ಲೋಡನ್ನು 0.1 ಆಂಪಿನಿಂದ ಶುರುಮಾಡಿ 3ಕ್ಕೆ ಏರಿಸಲಿ. 6ರಲ್ಲಿ ‘20 ಮೆಗಾಹರ್ಟ್ಸ್, ಸ್ಪ್ರಿಂಗ್ ಗ್ರೌಂಡ್’ ಬಿಟ್ಟುಹೋಗಿದೆ. 2ರಲ್ಲಿ ‘ಆನ್ ಇರುವ ಸಪ್ಲೈಯ ತಂತಿ ಚುಚ್ಚಬೇಡಿ’ ಕೂಡ.

ತುಮಕೂರಿನಿಂದ, ಬುಧವಾರ 4:40

ಮೂರೂ ತಿದ್ದಿದೆ. ಕಡತ ಹೋಯಿತು.